ಒಳಗೆ ಬನ್ನಿ, ಚೀಟಿಯಲ್ಲೊಂದು ತೊಡಕಿದೆ

೨೦೦೯ರ ಜುಲೈ ೧೩, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನಾನು ನಮ್ಮ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕೆ ಹಾಜರಾದೆ. ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಫಾರ್ಮಸಿಸ್ಟರನ್ನು ಮೊದಲು ಕಂಡದ್ದು ಅಂದೇ. ಇಡೀ ಆಸ್ಪತ್ರೆಗೆ ಅವರು ‘ದೊಡ್ಡಕ್ಕ’. ಔಷಧವನ್ನು ಸರಿಯಾಗಿ ಎಣಿಸಿ ಕೊಡುವವರು ನಮ್ಮ ವೃತ್ತಿಯಲ್ಲಿ ಅನೇಕರಿದ್ದಾರೆ. ಅದು ರೋಗಿಯ ಹೊಟ್ಟೆ ಸೇರುವವರೆಗೂ ತಮ್ಮ ಕೆಲಸ ಮುಗಿಯುವುದಿಲ್ಲವೆಂದು ತಿಳಿದವರು ವಿರಳ. ಅಂಥ ವಿರಳರಲ್ಲಿ ದೊಡ್ಡಕ್ಕ ಒಬ್ಬರು.

ವಿತರಣೆಯ ಕಿಟಕಿಯಲ್ಲಿ ಅವರು ಆಗಾಗ ಯಾವುದೋ ರೋಗಿಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಇದರಲ್ಲೊಂದು ತೊಡಕಿದೆ, ಒಳಗೆ ಬನ್ನಿ” ಎನ್ನುತ್ತಿದ್ದರು. ಒಳಗಿನದು ಚಿಕ್ಕ ಕೋಣೆ: ಎರಡು ಕುರ್ಚಿ, ಲಸಿಕೆಗಳ ಫ್ರಿಜ್ಜು, ಅರ್ಜಿ ನಮೂನೆಗಳು ತುಂಬಿದ ಒಂದು ಕಪಾಟು. ಹಿಂದಿನ ಶೆಲ್ಫಿನ ಬಳಿ ಮಾತ್ರೆ ಜೋಡಿಸುತ್ತಿದ್ದ ನನಗೆ ದೊಡ್ಡಕ್ಕನ ಮಾತು ಕೇಳಿಸುತ್ತಿತ್ತು, ರೋಗಿಗಳ ಮಾತು ಕೇಳಿಸುತ್ತಿರಲಿಲ್ಲ. ಕಾಲೇಜು ನನಗೆ ಕಂಡದ್ದನ್ನು ದಾಖಲಿಸಲು ಕಲಿಸಿತ್ತು. ಒಂದು ತಿಂಗಳಲ್ಲಿ ನಲವತ್ತೊಂದು ‘ತೊಡಕಿನ ಚೀಟಿ’ಗಳನ್ನು ಗುರುತು ಹಾಕಿಕೊಂಡು, ಬರೆದ ವೈದ್ಯರ ಪ್ರಕಾರ ಕೋಷ್ಟಕ ಮಾಡಿ, ಅಧೀಕ್ಷಕರಿಗೆ ಒಪ್ಪಿಸಿಬಿಟ್ಟೆ. ದೊಡ್ಡಕ್ಕನನ್ನು ಒಂದು ಮಾತು ಕೇಳಲಿಲ್ಲ.

ಕೋಷ್ಟಕದಲ್ಲಿ ಹೆಸರಿದ್ದ ಹಿರಿಯ ವೈದ್ಯರೊಬ್ಬರು ಕೆಂಡವಾಗಿ ಬಂದರು. “ನನ್ನ ಅಕ್ಷರ ಕಾಗೆ ಕಾಲು, ಒಪ್ಕೋತೀನಿ. ಆದ್ರೆ ಒಂದೇ ತಿಂಗಳಲ್ಲಿ ಹತ್ತೊಂಬತ್ತು ತಪ್ಪಾ?” ತೊಡಕಿನ ಚೀಟಿಗಳನ್ನು ಕಿಟಕಿಯಿಂದಲೇ ವೈದ್ಯರ ಬಳಿಗೆ ತಿರುಗಿ ಕಳಿಸಬೇಕೆಂದು ಆದೇಶವಾಯಿತು.

ಆ ಆದೇಶ ಬಂದ ಬೆಳಿಗ್ಗೆ ದೊಡ್ಡಕ್ಕ ಅರ್ಧ ದಿನದ ರಜೆಯಲ್ಲಿದ್ದರು, ಕಿಟಕಿಯಲ್ಲಿ ನಾನಿದ್ದೆ. ಹೊಲಿಗೆ ಕೆಲಸದ ಹೆಂಗಸೊಬ್ಬರು ಬಂದರು. ಹದಿನಾಲ್ಕು ತಿಂಗಳ ಹಿಂದೆ ಅವರ ಸ್ವಂತ ಅಕ್ಕ ಅವರಿಗೆ ಒಂದು ಮೂತ್ರಪಿಂಡ ಕೊಟ್ಟಿದ್ದರು. ಅದನ್ನು ದೇಹ ತಿರಸ್ಕರಿಸದಂತೆ ದಿನಕ್ಕೆರಡು ಬಾರಿ ಮಾತ್ರೆ ನುಂಗಬೇಕು, ಒಂದು ದಿನವೂ ತಪ್ಪುವಂತಿಲ್ಲ.

“ಅರ್ಧ ಕೊಡಿ ಸಾಕು,” ಎಂದರು, ಬಲು ಮೆಲ್ಲಗೆ. “ದಿನಕ್ಕೊಂದೇ ತಗೊಂಡ್ರೂ ನಡೆಯುತ್ತೆ.”

“ಹಾಗೆಲ್ಲ ಕೊಡೋಕಾಗಲ್ಲಮ್ಮ. ಡಾಕ್ಟರ ಹತ್ರ ಹೋಗಿ ಬೇರೆ ಬರೆಸ್ಕೊಂಡು ಬನ್ನಿ.”

“ಬೇಗ ಆಗ್ಲಿ ತಾಯಿ, ನಮಗೂ ಬಸ್ಸಿದೆ,” ಎಂದಿತು ಹಿಂದಿನಿಂದ ಒಂದು ದನಿ. ಆಕೆ ಚೀಟಿ ಮಡಿಸಿಕೊಂಡು ಹೊರಟುಹೋದರು. ವೈದ್ಯರ ಬಳಿಗೂ ಹೋಗಲಿಲ್ಲವೆಂದು ಮಧ್ಯಾಹ್ನ ತಿಳಿಯಿತು.

ಬಂದ ದೊಡ್ಡಕ್ಕನಿಗೆ ನಡೆದದ್ದನ್ನು ಹೇಳಿದೆ. ಅವರು ಗದರಲಿಲ್ಲ. “ಆ ಚೀಟಿಗಳಲ್ಲಿ ತಪ್ಪೇನೂ ಇರ್ತಿರಲಿಲ್ಲ ಕಣಪ್ಪ. ಅಷ್ಟು ಜನರ ಎದುರು ‘ಇಷ್ಟು ದುಡ್ಡು ಕೊಡೋಕೆ ನನ್ನ ಕೈಲಾಗಲ್ಲ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳು? ಅದಕ್ಕೇ ತಪ್ಪನ್ನ ಚೀಟಿ ಮೇಲೆ ಹಾಕ್ತಿದ್ದೆ.” ನನ್ನ ಕೋಷ್ಟಕದ ನಲವತ್ತೊಂದು ಸಾಲುಗಳ ಅರ್ಥ ನನಗೆ ಆಗ ತಿಳಿಯಿತು.

ನೋಂದಣಿಯಿಂದ ವಿಳಾಸ ಹುಡುಕಿ, ನನ್ನನ್ನೂ ಕರೆದುಕೊಂಡು ಅವರು ಹೊರಟರು. ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆರು ಹೊಲಿಗೆ ಯಂತ್ರಗಳು ಓಡುತ್ತಿದ್ದವು. ನಮ್ಮನ್ನು ಕಂಡ ಆಕೆಯ ಮುಖ ಬಿಳಿಚಿಕೊಂಡಿತು. ದೊಡ್ಡಕ್ಕ ಎಲ್ಲರಿಗೂ ಕೇಳುವಂತೆ, “ತಪ್ಪು ನಮ್ಮದೇ ಕಣಮ್ಮ, ಚೀಟಿಯಲ್ಲಿ ತೊಡಕಿತ್ತು. ಈ ಹೊಸ ಮೇಧಾವಿ ನೋಡದೆ ವಾಪಸ್ ಕಳಿಸಿಬಿಟ್ಟಿದ್ದಾನೆ,” ಎಂದರು.

“ಓದಿದೋರ ಹಣೆಬರಹವೇ ಇಷ್ಟು,” ಎಂದರು ಪಕ್ಕದ ಯಂತ್ರದ ಅಜ್ಜಿ. ಎಲ್ಲರೂ ನಕ್ಕರು, ಆಕೆಯೂ ನಕ್ಕರು. ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಅಂದು ಸಂಜೆ ಒಳಗಿನ ಕೋಣೆಯಲ್ಲಿ ಮೂವರೂ ಕುಳಿತೆವು. ಮಾತ್ರೆ ತಯಾರಿಸುವ ಕಂಪನಿಗೇ ಒಂದು ನೆರವಿನ ಯೋಜನೆಯಿತ್ತು: ವೈದ್ಯರ ಸಹಿ, ಆದಾಯದ ಪತ್ರ, ಮೂರು ವಾರಗಳ ಕಾಯುವಿಕೆ. ಅಲ್ಲಿಯವರೆಗೆ ಪೂರ್ತಿ ಪ್ರಮಾಣದ ಮಾತ್ರೆಗಳು ಆಸ್ಪತ್ರೆಯ ದಾನಿಗಳ ನಿಧಿಯಿಂದ. ಇಂಥ ಮಾತ್ರೆಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಗತ್ಯವಾದ ನ್ಯುಮೋನಿಯಾ ಲಸಿಕೆ ನಗರದ ಆರೋಗ್ಯ ಕೇಂದ್ರದಲ್ಲಿ ಗುರುವಾರಗಳಂದು ಉಚಿತವೆಂದು ದೊಡ್ಡಕ್ಕ ಫೋನು ಮಾಡಿ ಖಚಿತಪಡಿಸಿಕೊಂಡರು. ಆಕೆ ಇನ್ನೂ ಹಿಂಜರಿಯುತ್ತಿದ್ದರು.

“ಇದು ಭಿಕ್ಷೆ ಅಲ್ಲ, ಅರ್ಜಿ,” ಎಂದರು ದೊಡ್ಡಕ್ಕ. “ನಿಮ್ಮಕ್ಕ ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕೆ ನಾಚಿಕೆ ಯಾಕೆ?”

ಸಹಿ ತಪ್ಪು ಜಾಗದಲ್ಲಿದೆಯೆಂದು ಆ ಅರ್ಜಿ ಒಮ್ಮೆ ತಿರುಗಿ ಬಂತು. ದೊಡ್ಡಕ್ಕ ಮತ್ತೆ ಕುಳಿತು ತುಂಬಿಸಿದರು. ನಾನು ಅಧೀಕ್ಷಕರಲ್ಲಿ ತಪ್ಪೊಪ್ಪಿಕೊಂಡು ವರದಿಯನ್ನು ಹಿಂದಕ್ಕೆ ಪಡೆದೆ, ಆದೇಶವೂ ರದ್ದಾಯಿತು. ಹಿರಿಯ ವೈದ್ಯರು ಮಾತ್ರ, “ನನ್ನ ಹತ್ತೊಂಬತ್ತು ತಪ್ಪು ಹಾಗೇ ಇರಲಿ ಬಿಡ್ರೀ. ಬೇಕಾದ್ರೆ ಇನ್ನೂ ನಾಲ್ಕು ಮಾಡ್ತೀನಿ,” ಎಂದರು.

ಆಮೇಲಿನ ಹದಿನಾರು ವರ್ಷ ನಾನು ಕಲಿತದ್ದೆಲ್ಲ ಆ ಕೋಣೆಯಲ್ಲೇ. ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಅಲ್ಲಿ ಕೂರಲು ದೊಡ್ಡಕ್ಕ ಒಪ್ಪಿದ್ದಾರೆ. ಅವರಿಗೆ ಮಂಡಿ ನೋವು ಕಡಿಮೆಯಾಗಲಿ, ಕಣ್ಣು ಚುರುಕಾಗಿರಲಿ, ಆ ಎರಡು ದಿನಗಳು ಬಹುಕಾಲ ನಮಗೆ ದೊರೆಯುತ್ತಿರಲಿ.

ಹೊಲಿಗೆಯ ಆ ತಾಯಿ ಕಳೆದ ಶುಕ್ರವಾರವೂ ತಪಾಸಣೆಗೆ ಬಂದಿದ್ದರು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ಡೆಸಿಲೀಟರಿಗೆ ೧.೧ ಮಿಲಿಗ್ರಾಂ, ಆರೋಗ್ಯವಂತರಿಗಿರುವಷ್ಟೇ.