ಗೆರೆಯ ಮೇಲಿನ ಮನೆ

ಪುಣೆಯಲ್ಲಿ ನಾನು ನಕಾಶೆ ಬರೆಯುವ ಕೆಲಸದಲ್ಲಿದ್ದೆ. ಅಣೆಕಟ್ಟೆಯ ನೀರು ಎಲ್ಲಿಯವರೆಗೆ ನಿಲ್ಲುವುದೆಂದು ತೋರಿಸಲು, ಐವತ್ತರ ದಶಕದ ಸರ್ವೆ ನಕಾಶೆಯೊಂದರಲ್ಲಿ ನಮ್ಮ ಹೊಳೆಸಾಲಿಗೇ ನೀಲಿ ಬಳಿದೆ. ಎತ್ತರದ ಗೆರೆಯನ್ನು ಬಣ್ಣ ದಾಟದಂತೆ ಉಸಿರು ಬಿಗಿಹಿಡಿದು ಬಳಿದೆ. ಸೋದರಮಾವನ ಮನೆ ಗೆರೆಯ ಮೇಲೆ, ನೀಲಿಯ ಹೊರಗೆ ಉಳಿಯಿತು.

“ನಕಾಶಿ ಬಲ್ಲಾಂವ ನೀ. ಮನಿ ಬಿಡ್ಲ್ಯೋ ಬ್ಯಾಡೋ?” ಮಾವ ಫೋನಿನಲ್ಲಿ ಕೇಳಿದ.

“ಬ್ಯಾಡ ಮಾಮಾ. ನೀರು ಅಲ್ಲೀತನಕಾ ಬರೂದಿಲ್ಲ,” ಎಂದೆ. ಎಂಥ ಜಾಣ ನಾನು!

ಊರವರೆಲ್ಲ ಎದ್ದುಹೋದರು; ಮಾವ, ಅತ್ತೆ ಇಬ್ಬರೇ ಉಳಿದರು. ಅಣೆಕಟ್ಟೆಯಲ್ಲಿ ನೀರು ನಿಂತ ಎರಡನೆಯ ಮಳೆಗಾಲಕ್ಕೆ ನೀರು ಗೆರೆ ದಾಟಿತು. ಅತ್ತೆ ಹಾಸಿಗೆ ಹಿಡಿದಿದ್ದಳು. ದೋಣಿಯವರು ಜೀವಂತ ತಂದದ್ದು ಮಾವನೊಬ್ಬನನ್ನೇ.

ಈಗ ಅವನು ಪುಣೆಯ ಕಾತ್ರಜದಲ್ಲಿ, ನಮ್ಮ ನಾಲ್ಕನೆಯ ಮಹಡಿಯ ಮನೆಯಲ್ಲಿದ್ದಾನೆ. ಮೋಡ ಕಟ್ಟಿದಾಗಲೆಲ್ಲ ಕೆಳಗಿಳಿದು ಸೊಲ್ಲಾಪುರದ ಕಡೆಯ, ಕನ್ನಡ ಬಲ್ಲ ವಾಚ್‌ಮನ್‌ನನ್ನು ಕೇಳುತ್ತಾನೆ: “ಇಲ್ಲೀತನಕಾ ನೀರು ಬರ್ತಾವೇನ್ರಿ?”

ನನ್ನನ್ನು ಕೇಳುವುದಿಲ್ಲ.