ಬಣ್ಣ ಉಳಿಸಿ ಬೆರಳು ಸವೆಸಿದ ಅಂಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆ ಕಾರುಗಳನ್ನು ಮಾರುವ ಆ ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳ ಮೇಲೆ ಇಬ್ಬನಿ ಕೂತಿದೆ. ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ಕೆಂಪು ಕಾರಿನ ಬಾನೆಟ್ಟಿನ ಮೇಲೆ ಬಗ್ಗಿ, ಅಂಗೈಯಗಲದ ಒಂದು ಜಾಗವನ್ನು ದಿಟ್ಟಿಸುತ್ತಿದ್ದಾರೆ. ನಿನ್ನೆಯವರೆಗೆ ಅಲ್ಲಿ ಬೆಲೆಯ ಸ್ಟಿಕ್ಕರ್ ಇತ್ತು. ಕಾರು ಮಾರಾಟವಾದದ್ದೇ ತಡ, ಯಾರೋ ಅದನ್ನು ಪರ್ರನೆ ಕಿತ್ತು ಹೋಗಿದ್ದಾರೆ. ಕಾಗದ ಬಂದಿದೆ, ಅಂಟು ಅಲ್ಲೇ ಉಳಿದಿದೆ. ಅದರ ಮೇಲೆ ಧೂಳು ಮೆತ್ತಿಕೊಂಡು ಮಾಯದ ಗಾಯದ ಹಾಗೆ ಕಪ್ಪಗೆ ಕಾಣುತ್ತಿದೆ.

"ಮೊದ್ಲು ಸೋಪು ನೀರು," ಎನ್ನುತ್ತಾರೆ ಆಕೆ, ತಲೆ ಎತ್ತದೆ. "ಧೂಳಿರೋವಾಗ್ಲೇ ಉಜ್ಜಿದ್ರೆ ಆ ಧೂಳೇ ಬಣ್ಣಾನ ಗೀರಿ ಹಾಕತ್ತೆ."

ಅಂಗಳದಲ್ಲಿ ಎಲ್ಲರ ಬಾಯಲ್ಲೂ ಇವರು ಅಂಟಕ್ಕ. ತೊಳೆದಾದ ಮೇಲೆ ಮೆತ್ತನೆ ಬಟ್ಟೆಗೆ ಅಂಟು ಬಿಡಿಸುವ ಎಣ್ಣೆ ಹಾಕುತ್ತಾರೆ. ಕಾರಿನ ಮೇಲೆ ಸುರಿಯುವುದಿಲ್ಲ. ಬಾನೆಟ್ಟು ಎತ್ತಿ, ಕಣ್ಣಿಗೆ ಬೀಳದ ಒಳಂಚಿನಲ್ಲಿ ಒಂದು ಚೂರು ಒರೆಸಿ ಬಟ್ಟೆಯನ್ನು ನೋಡುತ್ತಾರೆ. ಬಟ್ಟೆಗೆ ಕೆಂಪು ಹತ್ತಿದರೆ ಎಣ್ಣೆಯ ಮಾತೇ ಇಲ್ಲ, ಬಿಸಿನೀರಿನ ಬಟ್ಟೆಯಲ್ಲೇ ಒದ್ದಾಡಬೇಕು. ಇವತ್ತು ಹತ್ತಿಲ್ಲ. ಎಣ್ಣೆಬಟ್ಟೆಯನ್ನು ಅಂಟಿನ ಮೇಲೆ ಹಾಸಿ ಸುಮ್ಮನೆ ಕಾಯುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿದರೆ ಅಂಟು ಎಳೆಎಳೆಯಾಗಿ ಸುತ್ತಿಕೊಂಡು ಬರುತ್ತದೆ. ಬ್ಲೇಡು ಮುಟ್ಟುವುದಿಲ್ಲ. ಮತ್ತೆ ಸೋಪು ನೀರು, ಒಣ ಬಟ್ಟೆ, ಕೊನೆಗೆ ತೆಳ್ಳಗೆ ಮೇಣ. ಅಲ್ಲೊಂದು ಸ್ಟಿಕ್ಕರ್ ಇತ್ತೆಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವುದಿಲ್ಲ.

ಈಗ ಆ ಹೆಬ್ಬೆರಳನ್ನು ನೋಡಬೇಕು. ನುಣ್ಣಗೆ, ಹೊಳೆಯುತ್ತ, ಒಂದೂ ಗೆರೆ ಇಲ್ಲ. ಉಳಿದ ಬೆರಳುಗಳು ಗಿಣ್ಣಿನ ಹತ್ತಿರ ಒಡೆದಿವೆ. "ಬಣ್ಣಕ್ಕೆ ಏನೂ ಆಗಕೂಡದು" ಎಂದು ಕೆಲಸಕ್ಕೆ ಸೇರಿದ ದಿನವೇ ಅಂಗಳದವರು ಹೇಳಿದ್ದರು. ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಕೈಗೆ ಏನೂ ಆಗಕೂಡದು ಎಂದು ಮಾತ್ರ ಯಾರೂ ಹೇಳಿಲ್ಲ, ಯಾವ ಗೋಡೆಯ ಮೇಲೂ ಬರೆಸಿಲ್ಲ.

"ಒಂದ್ಸಲ ಕೈಗವಸು ಕೊಟ್ರು, ತೆಳ್ಳಂದು. ಎಣ್ಣೆ ತಾಗ್ತಿದ್ದ ಹಾಗೇ ಉಬ್ಬಿ ಹರಿದು ಬಂತು. ದಪ್ಪದ್ದು ಕೊಡಿ ಸಾರ್ ಅಂದೆ. 'ಏನಮ್ಮ, ಆಪರೇಷನ್ ಗೀಪರೇಷನ್ ಮಾಡ್ತೀಯಾ?' ಅಂತ ನಕ್ರು."

ಅಷ್ಟಕ್ಕೂ ಈ ಕೆಲಸವನ್ನು ಹುಟ್ಟಿಸಿದವರು ಯಾರು? ಮೊದಲು ಬೆಲೆಯನ್ನು ಮುಂದಿನ ಗಾಜಿನ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರು. ಕಾರು ಹೊರಟಾಗ ಒದ್ದೆ ಬಟ್ಟೆ ಆಡಿಸಿದರೆ ಮುಗಿಯಿತು. ಅದು ಬಡತನದ ಹಾಗೆ ಕಾಣುತ್ತದೆ ಎಂದು ಯಾರಿಗೋ ಅನ್ನಿಸಿತು. ಬಣ್ಣಬಣ್ಣದ ಸ್ಟಿಕ್ಕರ್ ಬಂತು, ಅದೂ ನೇರ ಬಾನೆಟ್ಟಿನ ಮೇಲೆ. ಅಂಟಿಸುವವರಿಗೆ ಒಂದು ಗಳಿಗೆಯ ಕೆಲಸ, ಬಿಡಿಸುವವರಿಗೆ ಜನ್ಮದ ಕೆಲಸ.

ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಂಟಕ್ಕ, ಓದುವ ಮಗಳು, ಅತ್ತೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಉಪ್ಪು, ಖಾರ ತಾಗಿದರೆ ಸೊಸೆಯ ಕೈ ಉರಿಯುತ್ತದೆಂದು ಅಡುಗೆಯೆಲ್ಲ ಅತ್ತೆಯದೇ. "ಸೊಸೆ ಬಂದ್ಮೇಲೆ ಕಾಲು ಚಾಚ್ಕೊಂಡು ತಿನ್ನೋಣ ಅಂತಿದ್ದೆ," ಎನ್ನುತ್ತಾರೆ ಆ ಮುದುಕಿ, ಒಲೆಯ ಮುಂದೆ. "ಇವಳ ಕೈ ನೋಡಿದ್ರೆ ಬಯ್ಯೋಕೂ ಬಾಯಿ ಬರಲ್ಲ. ಹಾಳಾದ್ದು, ಬಯ್ಯೋ ಸುಖಾನೂ ಇಲ್ಲ ನಂಗೆ!"

ಹೋದ ವರ್ಷ ಅಂಗಳದ ಬಾಗಿಲಿಗೆ ಹಾಜರಿಯ ಯಂತ್ರ ಬಂತು. ಹೆಬ್ಬೆರಳು ಒತ್ತಿದರೆ ಹಸಿರು ದೀಪ, ಒಳಗೆ ಹೋಗಬಹುದು. ಅಂಟಕ್ಕ ಒತ್ತಿದರೆ ಕೆಂಪು ದೀಪ. ಕೈ ತೊಳೆದು ಒತ್ತಿದರು, ಸೆರಗಿನಲ್ಲಿ ಒರೆಸಿ ಒತ್ತಿದರು, ಬಾಯಿಯ ಹಬೆ ಊದಿ ಒತ್ತಿದರು. ಹತ್ತು ಬೆರಳೂ ಮುಗಿದವು.

"ಮೂಗು ಒತ್ತಿ ನೋಡಕ್ಕ," ಎಂದ ಗೇಟಿನ ಕಾವಲುಗಾರ. "ಅದಕ್ಕಾದ್ರೂ ಗುರುತು ಸಿಗಬಹುದು."

"ನಿನ್ನ ಮೂಗೇ ಒತ್ತಪ್ಪ. ಅದು ಎಲ್ಲಾ ಕಡೆ ತೂರತ್ತಲ್ಲ."

ಗುರುತಿನವರೆಂದು ಅವನೇ ಒಳಗೆ ಬಿಡುತ್ತಿದ್ದ; ಒಂದೊಂದು ದಿನ ಹೇಗೋ ಹಸಿರು ದೀಪವೂ ಹತ್ತುತ್ತಿತ್ತು. ನಗು ತಿಂಗಳ ಕೊನೆಯವರೆಗೆ ಮಾತ್ರ. ಸಂಬಳದ ಹೊತ್ತಿಗೆ ತಿಂಗಳ ಅರ್ಧದಷ್ಟು ದಿನ ಅಂಟಕ್ಕ ಕೆಲಸಕ್ಕೇ ಬಂದಿಲ್ಲ ಎಂದಾಯಿತು. ಬಂದಿಲ್ಲದ ದಿನಗಳ ಸಂಬಳವೂ ಇಲ್ಲ. ಮ್ಯಾನೇಜರರದು ಒಂದೇ ರಾಗ: "ಮಷಿನ್ನಲ್ಲಿ ಬಂದಿಲ್ಲಮ್ಮ. ನಾನೇನು ಮಾಡ್ಲಿ?" ಮುಂದಿನ ತಿಂಗಳೂ ಅದೇ ಕತೆ.

ಗೆರೆ ಸವೆದದ್ದು ಇದೇ ಅಂಗಳದಲ್ಲಿ, ಇವರೇ ಕೊಟ್ಟ ಎಣ್ಣೆಯಲ್ಲಿ, ಇವರೇ ಮಾರಿದ ಕಾರುಗಳ ಮೇಲೆ. ಬೆರಳು ತಿಂದವರೇ ಬೆರಳು ತೋರಿಸು ಎನ್ನುತ್ತಾರೆ.

ಮನೆಯಲ್ಲಿ ಅತ್ತೆಗೆ ಹೇಳಿದಾಗ ಆಕೆ ತಟ್ಟೆ ಕೆಳಗಿಟ್ಟು ಕೇಳಿದರು: "ನೀನು ಬಂದಿಲ್ಲ ಅಂತ ಅವರೇ ಹೇಳ್ತಾರಾ?"

"ಹೂಂ ಅತ್ತೆ."

"ಮತ್ತೆ ಬರದೇ ಇರೋಳು ಕೆಲಸ ಯಾಕೆ ಮಾಡ್ತಾಳೆ? ಹೋಗಿ ಕೂತ್ಕೋ."

ಮರುದಿನ ಕೆಂಪು ದೀಪ ಹತ್ತಿದ ಕೂಡಲೇ ಅಂಟಕ್ಕ ಮ್ಯಾನೇಜರರ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟರು. ಬಟ್ಟೆ ಮುಟ್ಟಲಿಲ್ಲ, ಬಕೆಟ್ಟು ಮುಟ್ಟಲಿಲ್ಲ. ಆ ದಿನ ಹೊರಡಬೇಕಿದ್ದ ಕಾರುಗಳೆಲ್ಲ ಹಣೆಯ ಮೇಲೆ ಅಂಟು ಹೊತ್ತುಕೊಂಡೇ ನಿಂತವು. ಬಿಳಿ ಕಾರು ಕೊಂಡವರೊಬ್ಬರು ಸಂಸಾರ ಸಮೇತ ಬಂದು, ಬಾನೆಟ್ಟು ಸವರಿ, ಬೆರಳು ಮೂಸಿ ಮುಖ ಕಿವುಚಿದರು. ಮ್ಯಾನೇಜರು ದಡಬಡ ಹೊರಗೆ ಬಂದರು.

"ಏನಮ್ಮ ಇದು? ಕೆಲಸ ಮಾಡಲ್ವಾ?"

"ನಾನು ಬಂದೇ ಇಲ್ವಲ್ಲ ಸಾರ್."

"ಕಣ್ಣೆದುರಿಗೆ ಕೂತ್ಕೊಂಡು ಬಂದಿಲ್ಲ ಅಂತೀಯಲ್ಲಮ್ಮ!"

"ಅದನ್ನೇ ಅಲ್ವಾ ಸಾರ್, ಎರಡು ತಿಂಗಳಿಂದ ನಾನು ನಿಮಗೆ ಹೇಳ್ತಿರೋದು?"

ಬಿಳಿ ಕಾರಿನವರ ಮನೆಯಾಕೆ ಮೊದಲು ನಕ್ಕರು. ಆಮೇಲೆ ವಿಷಯ ಕೇಳಿ ನಗು ನಿಲ್ಲಿಸಿ ಮ್ಯಾನೇಜರರ ಮುಖವನ್ನೇ ನೋಡಿದರು. ಫೋನುಗಳು ಓಡಾಡಿದವು. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಅಪ್ಪಣೆ ಬಂತು: ಈಕೆಯ ಹಾಜರಿಯನ್ನು ಮ್ಯಾನೇಜರೇ ಮುಖ ನೋಡಿ ಹಾಕಬೇಕು. ಅಂಟಕ್ಕ ಎದ್ದು ಬಕೆಟ್ಟು ಎತ್ತಿಕೊಂಡರು.

ಗೆದ್ದರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಕಳೆದ ದಿನಗಳ ಸಂಬಳ ಇವತ್ತಿಗೂ ಬಂದಿಲ್ಲ. "ಆಗಿದ್ದು ಆಗಿಹೋಯ್ತು ಬಿಡಮ್ಮ," ಎನ್ನುತ್ತಾರಂತೆ ಮ್ಯಾನೇಜರು. ಆಗಿಹೋದದ್ದು ಯಾರ ಮನೆಯ ಅಕ್ಕಿ ಎಂದು ಅವರನ್ನು ಕೇಳುವವರಿಲ್ಲ. ದಪ್ಪ ಕೈಗವಸೂ ಬಂದಿಲ್ಲ.

ಇನ್ನೇನು ಬೇಕು ಎಂದರೆ ಅಂಟಕ್ಕ ಬಟ್ಟೆ ಹಿಂಡುತ್ತ ಹೇಳುತ್ತಾರೆ: "ಸ್ಟಿಕ್ಕರ್‌ನ ಗಾಜಿಗೆ ಅಂಟಿಸ್ಲಿ. ಗಾಜು ಏನು ಮಾಡಿದ್ರೂ ತಡ್ಕೊಳ್ಳತ್ತೆ. ನನ್ನ ಕೆಲಸ ಅರ್ಧ ಕಮ್ಮಿ ಆಗತ್ತೆ, ಆಗ್ಲಿ ಬಿಡಿ. ತೊಳೆಯೋಕೆ ಕಾರು ಇದ್ದೇ ಇರತ್ತಲ್ಲ."

ಗೇಟಿನ ಹತ್ತಿರ ಮ್ಯಾನೇಜರರ ಗಾಡಿ ಬಂದು ನಿಲ್ಲುತ್ತದೆ. ಹಾಜರಿಯ ಹೊತ್ತು. ಅಂಟಕ್ಕ ಕೈ ಒರೆಸಿಕೊಳ್ಳುತ್ತಾರೆ.

"ಅವ್ರು ನನ್ನ ಮುಖ ನೋಡೋಕೆ ಬರ್ತಾರೆ. ನಾನು ಎರಡೂ ಕೈ ಮುಂದೆ ಚಾಚ್ತೀನಿ, ಮೊದ್ಲು ಇದನ್ನ ನೋಡಿ ಸಾರ್ ಅಂತ. ದಿನಾ ಕಣ್ಣು ಆ ಕಡೆ ಮಾಡ್ತಾರೆ. ಮಾಡ್ಲಿ. ನಾನಂತೂ ಕೈ ಹಿಂದಕ್ಕೆ ತಗೊಳ್ಳಲ್ಲ."