ಅಕ್ಕನ ಮಗಳಿಗೆ ಸಂಗೀತ ಕೇಳಿಸಿದ್ದು

ಊರಿಂದ ಬಂದು ಹೊಸ್ತಿಲಲ್ಲಿ ಚಪ್ಪಲಿ ಕಳಚುವ ಮಾಮನ ಮುಖವನ್ನು ಮಕ್ಕಳು ನೋಡುವುದಿಲ್ಲ, ಅವನ ಕೈಚೀಲವನ್ನು ನೋಡುತ್ತವೆ ಎಂಬುದು ನನ್ನ ಬಹುಕಾಲದ ಸಂಶೋಧನೆ. ಚೀಲ ಎಷ್ಟು ಜೋತುಬಿದ್ದಿದೆ, ಅದರ ಹೊರಮೈಗೆ ಎಣ್ಣೆಯ ಕಲೆ ಹತ್ತಿದೆಯೋ ಇಲ್ಲವೋ, ಒಳಗಿಂದ ಬರುತ್ತಿರುವುದು ಬಾಳೆಹಣ್ಣಿನ ವಾಸನೆಯೋ ಬೂಂದಿಯದೋ ಎಂಬುದನ್ನೆಲ್ಲ ಕ್ಷಣಾರ್ಧದಲ್ಲಿ ಪರಾಮರ್ಶಿಸಿ, ಬಂದವನಿಗೆ ಎಷ್ಟು ಗೌರವ ಸಲ್ಲಬೇಕೆಂದು ಅವು ತೀರ್ಮಾನಿಸಿಬಿಡುತ್ತವೆ. ನಮ್ಮ ಜಮಖಂಡಿ ಕಡೆ ಬರಿಗೈಯಲ್ಲಿ ಯಾರ ಮನೆಗೂ ಹೋಗುವ ರೂಢಿಯಿಲ್ಲ. ನಾನೂ ಹೋಗುತ್ತಿರಲಿಲ್ಲ. ಆದರೆ ನನ್ನ ಚೀಲದಿಂದ ಹೊರಬರುತ್ತಿದ್ದುದು ಹಿಂದುಸ್ತಾನಿ ಸಂಗೀತದ ಕ್ಯಾಸೆಟ್ಟು. ಅದು ಹೊರಬಂದ ಗಳಿಗೆಯಲ್ಲಿ ಮಕ್ಕಳ ಮುಖದ ಮೇಲೆ ಆಗುತ್ತಿದ್ದ ಬದಲಾವಣೆಯನ್ನು ನೀವು ನೋಡಿದ್ದರೆ ನನ್ನ ಬಗ್ಗೆ ಕರುಣೆ ಪಡುತ್ತಿದ್ದಿರೋ ಮಕ್ಕಳ ಬಗ್ಗೆಯೋ ಹೇಳಲಾರೆ.

ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದ ಕಾಲವದು. ಜಮಖಂಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ, ಬಂಧುಬಾಂಧವರ ಎಳೆಯ ಪೀಳಿಗೆಯ ಅಭಿರುಚಿಯನ್ನು ಉದ್ಧರಿಸುವ ಹೊಣೆಯನ್ನು ಯಾರೂ ವಹಿಸಿರಲಿಲ್ಲ. ಯಾರೂ ವಹಿಸದ ಹೊಣೆಗಳನ್ನು ಹೊರುವುದರಲ್ಲಿ ನಾನು ಮೊದಲಿನಿಂದಲೂ ಉತ್ಸಾಹಿ, ವಹಿಸಿದ ಹೊಣೆಗಳ ವಿಷಯವನ್ನು ನಮ್ಮ ಸಾಹೇಬರು ಹೇಳಬೇಕು. ಸಂಗೀತದಲ್ಲಿ ನನ್ನ ಪಾಂಡಿತ್ಯ ಎಷ್ಟಿತ್ತೆಂದರೆ, ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅಚ್ಚಾದ ರಾಗದ ಹೆಸರನ್ನು ಒಮ್ಮೆ ಕಳ್ಳಗಣ್ಣಿನಿಂದ ನೋಡಿಕೊಂಡರೆ ಆ ರಾಗದ ಗಾಂಭೀರ್ಯ, ಸಮಯ, ರಸ ಮೊದಲಾದವುಗಳ ಕುರಿತು ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಬಲ್ಲವನಾಗಿದ್ದೆ. ಹೆಸರು ಕಾಣದಂತೆ ಡಬ್ಬಿಯನ್ನು ಮುಚ್ಚಿಟ್ಟರೆ ಮಾತ್ರ ನಾನು ತಲೆದೂಗುತ್ತ ಮೌನಕ್ಕೆ ಶರಣಾಗುತ್ತಿದ್ದೆ. ಆ ಮೌನವನ್ನೂ ಜನ ಪಾಂಡಿತ್ಯವೆಂದೇ ತಿಳಿದರು. ನಾನಾಗಿ ಅವರ ತಿಳಿವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಇದೆಲ್ಲ ಹೊರಗಿನ ಮಾತು. ಒಳಗಿನದನ್ನೂ ನಿಮ್ಮಲ್ಲಿ ಹೇಳಿಬಿಡುತ್ತೇನೆ. ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಯೊಂದರಿಂದ ಹಣಮಂತ ಮಾಸ್ತರ ಎಂಬ ಗೆಳೆಯರು ಪ್ರತಿ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ಇಬ್ಬರೂ ಟೇಪ್‌ರೆಕಾರ್ಡರಿನ ಎದುರು ಗೋಡೆಗೊರಗಿ ಕೂತು, ಒಂದು ಕ್ಯಾಸೆಟ್ಟಿನ ಎರಡೂ ಬದಿ ಮುಗಿಯುವ ತನಕ ಚಹಾ ಆರಿಸಿಕೊಳ್ಳುತ್ತಿದ್ದೆವು. ಅಣೆಕಟ್ಟಿನ ಹಿನ್ನೀರು ಬಂತು. ಅವರ ಹಳ್ಳಿ ಹೋಯಿತು, ಅವರಿಗೆ ದೂರದಲ್ಲೆಲ್ಲೋ ಹೊಸ ಜಾಗ ಸಿಕ್ಕಿತು, ಭಾನುವಾರಗಳು ತಿಂಗಳಿಗೊಂದಾಗಿ, ಹಬ್ಬಕ್ಕೊಂದಾಗಿ, ಕೊನೆಗೆ ನಿಂತವು. ಆಮೇಲೆ ಒಬ್ಬನೇ ಕೂತು ಕೇಳಿದೆ. ಚಂದದ ಜಾಗ ಬಂದಾಗ ಪಕ್ಕಕ್ಕೆ ತಿರುಗಿ ಇನ್ನೊಬ್ಬರ ಮುಖ ನೋಡುವ ಅಭ್ಯಾಸ ಹೋಗಲಿಲ್ಲ, ನೋಡಿದರೆ ಅಲ್ಲಿ ಅಕ್ಕಿಯ ಡಬ್ಬಿ ಇರುತ್ತಿತ್ತು. ನನ್ನ ಹೆಂಡತಿಗೆ ಆಲಾಪ ಶುರುವಾದೊಡನೆ ಹಿತ್ತಲಲ್ಲಿ ಕೆಲಸ ನೆನಪಾಗುತ್ತದೆ. ನನಗೆ ಜೊತೆಗೆ ಕೂತು ಕೇಳುವ ಒಂದು ಜೀವ ಬೇಕಾಗಿತ್ತು. ಅದನ್ನು ಹಾಗೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಅದಕ್ಕೆ ಸಂಸ್ಕೃತಿಪ್ರಸಾರ ಎಂದು ಹೆಸರಿಟ್ಟುಕೊಂಡೆ.

ಮೊದಲ ದಿಗ್ವಿಜಯ ಮುಧೋಳಕ್ಕೆ. ಅಲ್ಲಿ ನನ್ನ ಅಣ್ಣನಿಗೆ ಇಬ್ಬರು ಗಂಡುಮಕ್ಕಳು, ಮತ್ತು ಆ ಊರಿಗೆ ತಕ್ಕಂತೆ ಸಣ್ಣ ನಡುವಿನ, ಉದ್ದ ಮೂತಿಯ ಒಂದು ಬೇಟೆನಾಯಿ. ನಾನು ಹುಡುಗರನ್ನು ಕೂರಿಸಿಕೊಂಡು ಒಂದು ವಿಲಂಬಿತ ಖಯಾಲನ್ನು ಹಚ್ಚಿದೆ. ಗಾಯಕರು ಷಡ್ಜ ಹಿಡಿದು ಇನ್ನೂ ಬಿಟ್ಟಿರಲಿಲ್ಲ, ಜಗಲಿಯ ಮೇಲೆ ಮಲಗಿದ್ದ ನಾಯಿ ಎದ್ದು, ಮೈಮುರಿದು, ನನ್ನನ್ನೊಮ್ಮೆ ನೋಡಿ, ಅಂಗಳದಾಚೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಅಡಿ ಹೋಗಿ ಮಲಗಿತು. ಹುಡುಗರಿಗೂ ಅದೇ ದಾರಿ ಹಿಡಿಯುವ ಮನಸ್ಸಿತ್ತೆಂದು ಅವರ ಕಣ್ಣೇ ಹೇಳುತ್ತಿತ್ತು, ಆದರೆ ಮನುಷ್ಯರಾಗಿ ಹುಟ್ಟಿದ ತಪ್ಪಿಗೆ ಕೂತಿದ್ದರು. ಹತ್ತು ನಿಮಿಷದ ಮೇಲೆ ಹಿರಿಯವನು ಬಹಳ ವಿನಯದಿಂದ, "ಕಾಕಾ, ಹಾಡು ಯಾವಾಗ ಚಾಲೂ ಆಗತೈತ್ರಿ?" ಎಂದು ಕೇಳಿದ. ನಾನು ಮುಧೋಳವನ್ನು ಅಭಿರುಚಿಯ ನಕಾಶೆಯಿಂದ ಅಳಿಸಿಹಾಕಿ ಸಂಜೆಯ ಬಸ್ಸಿಗೆ ವಾಪಸಾದೆ.

ಉಳಿದಿದ್ದು ಬನಹಟ್ಟಿ. ನನ್ನ ಅಕ್ಕ ಕಸ್ತೂರಿಯನ್ನು ಕೊಟ್ಟಿದ್ದು ಅಲ್ಲಿನ ನೇಕಾರರ ಮನೆಗೆ. ಮನೆಯ ಕೆಳಗಿನ ಪಾಲಿನಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ, ಮೇಲಿನ ಅಟ್ಟದ ಕೋಣೆಯಲ್ಲಿ ಸಂಸಾರ. ಕರೆಂಟು ಇರುವಷ್ಟು ಹೊತ್ತೂ ಕೆಳಗೆ ನಾಲ್ಕು ಮಗ್ಗಗಳ ಖಟಖಟ. ಹೊರಗಿನವರಿಗೆ ಮೊದಲ ತಾಸು ತಲೆನೋವು, ಎರಡನೆಯ ತಾಸು ಹೊಟ್ಟೆನೋವು. ಮನೆಯವರು ಮಾತ್ರ ಅದರ ಮೇಲೆಯೇ ಆರಾಮಾಗಿ ಮಾತಾಡುತ್ತಾರೆ, ನಿದ್ದೆ ಹೋಗುತ್ತಾರೆ, ಕರೆಂಟು ಹೋಗಿ ಸದ್ದು ನಿಂತರೆ ಗಾಬರಿಯಿಂದ ಎದ್ದು ಕೂರುತ್ತಾರೆ. ಇಂಥ ಮನೆಗೆ ನಾನು ನಾದೋಪಾಸನೆ ಕಲಿಸಲು ಹೋದೆನೆಂದರೆ ನನ್ನ ವಿವೇಕದ ಮಟ್ಟವನ್ನು ನೀವೇ ಅಳೆಯಿರಿ.

ಅಕ್ಕನ ಒಬ್ಬಳೇ ಮಗಳು ಶೈಲಾ ಆಗ ಒಂಬತ್ತನೆಯ ಇಯತ್ತೆ. ಹೆಚ್ಚು ಮಾತಿಲ್ಲ. ನನ್ನ ಚೀಲದಿಂದ ಕ್ಯಾಸೆಟ್ಟು ಹೊರಬಂದಾಗ ಮುಖ ಸಣ್ಣದು ಮಾಡದ ಮೊದಲ ಮಗು ಅವಳು. ಟೇಪಿನ ದನಿಯನ್ನು ಪೂರ್ತಿ ಏರಿಸಿ, ಮಗ್ಗದ ಸದ್ದಿಗೂ ಮೀರುವಂತೆ ಗಂಟಲು ಹರಿದುಕೊಂಡು, ಇದು ಮುಂಜಾವಿನ ರಾಗವೆಂದೂ ಇದರಲ್ಲಿ ಇಬ್ಬನಿಯ ತಂಪೂ ಏಕಾಂತದ ಪ್ರಶಾಂತಿಯೂ ಇರುತ್ತವೆಂದೂ ನಾನು ಅರಚಿ ವಿವರಿಸಿದೆ. ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು. ಕತ್ತು ಒಂದು ಕಡೆ ತುಸು ವಾಲಿತು. ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಬಡಿಯತೊಡಗಿತು. ಗಾಯಕರು ಮೇಲಿನ ಸ್ವರಕ್ಕೆ ಏರುತ್ತಿದ್ದಂತೆ ಅವಳು ತಟ್ಟನೆ ಕಣ್ಣು ತೆರೆದು, ಇಲ್ಲ ಇಲ್ಲ ಎಂಬಂತೆ ತಲೆಯಾಡಿಸಿ, ಎದ್ದು ಮೆಟ್ಟಿಲಿಳಿದು ಓಡಿಹೋದಳು.

ನನ್ನ ಕಣ್ಣಲ್ಲಿ ನೀರು ಬಂತು. ರಸಾನುಭವವನ್ನು ತಾಳಲಾರದೆ ಎದ್ದುಹೋಗುವ ರಸಿಕರ ಬಗ್ಗೆ ಕೇಳಿದ್ದೆ, ನಮ್ಮ ವಂಶದಲ್ಲೇ ಒಬ್ಬಳು ಹುಟ್ಟಿದ್ದಾಳೆಂದು ತಿಳಿದಿರಲಿಲ್ಲ. ಐದು ನಿಮಿಷದಲ್ಲಿ ಅವಳು ಮರಳಿ ಬಂದು ಏನೂ ಆಗದವಳಂತೆ ಕೂತಳು. ಹೇಗಿದೆಯೆಂದು ಕೇಳಿದರೆ, "ಭಾಳ ಛಲೋ ಐತ್ರಿ ಮಾಮಾ" ಎಂದಳು. ಆವತ್ತು ಬನಹಟ್ಟಿಯಿಂದ ಜಮಖಂಡಿಯವರೆಗೆ ಬಸ್ಸಿನಲ್ಲಿ ಜಾಗ ಸಿಗದೆ ನಿಂತೇ ಬಂದೆ, ನಿಂತದ್ದು ಗೊತ್ತಾಗಲಿಲ್ಲ. ಮರುದಿನ ಕಚೇರಿಯಲ್ಲಿ ಕಡತಗಳನ್ನು ಬದಿಗಿರಿಸಿ, ಎಳೆಯ ಕಿವಿಗೆ ಸಂಸ್ಕಾರ ಕೊಡುವ ಬಗೆಯನ್ನು ಇಡೀ ವಿಭಾಗಕ್ಕೆ ಬೋಧಿಸಿದೆ. ತಮ್ಮ ಮಗನಿಗೂ ಸ್ವಲ್ಪ ಏನಾದರೂ ಕೇಳಿಸಿರೆಂದು ಒಬ್ಬ ಸಹೋದ್ಯೋಗಿ ಬೇಡಿಕೊಂಡರು. ಹುಟ್ಟುಗುಣ ಇರಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ತಿಂಗಳ ಮೇಲೆ ಮತ್ತೆ ಹೋದೆ, ಬೇರೊಬ್ಬ ಗಾಯಕರ ಕ್ಯಾಸೆಟ್ಟು ಒಯ್ದೆ. ಮತ್ತೆ ಅದೇ ಮುಚ್ಚಿದ ಕಣ್ಣು, ಅದೇ ತಲೆಯಾಟ, ಅದೇ ಓಟ. ಈ ಸಲ ಎರಡು ಬಾರಿ ಓಡಿದಳು. ಈ ಗಾಯಕರ ಗಾಯನ ಮೊದಲಿನವರದಕ್ಕಿಂತ ಇಮ್ಮಡಿ ಉತ್ಕೃಷ್ಟವೆಂದು ಲೆಕ್ಕ ಹಾಕಿಕೊಂಡೆ.

ಮೂರನೆಯ ಸಲ ಹೋದಾಗ ದೀಪ ಹಚ್ಚುವ ಹೊತ್ತಿನ ರಾಗವಿರುವ ಡಬ್ಬಿಯನ್ನು ಒಯ್ದಿದ್ದೆ. ಗೋಧೂಳಿಯ ಕುರಿತು, ಮನೆಗೆ ಮರಳುವ ದನಗಳ ಕುರಿತು, ಸಂಜೆಯ ಸೂಕ್ಷ್ಮ ವಿಷಾದದ ಕುರಿತು ಕೂಗಿ ಕೂಗಿ ಹೇಳಿದೆ. ಶೈಲಾ ಕಣ್ಣು ಮುಚ್ಚಿದಳು, ಬೆರಳು ಬಡಿದಳು, ಎದ್ದು ಓಡಿದಳು. ಈ ಬಾರಿ ನನಗೆ ತಡೆಯಲಾಗಲಿಲ್ಲ. ಪಾಪದ ಹುಡುಗಿ ಎಲ್ಲಿಯೋ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿರಬಹುದು, ಹಿರಿಯನಾಗಿ ಬೆನ್ನು ತಡವಬೇಕು ಎಂದುಕೊಂಡು ನಾನೂ ಮೆಟ್ಟಿಲಿಳಿದೆ.

ಕೆಳಗೆ ಅವಳು ಮೂರನೆಯ ಮಗ್ಗವನ್ನು ನಿಲ್ಲಿಸಿ, ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕುತ್ತಿದ್ದಳು. ಗಂಟು ಬಿಗಿದು, ಮಗ್ಗ ಚಾಲು ಮಾಡಿ, ಅರೆಗಳಿಗೆ ಕಿವಿಗೊಟ್ಟು ನಿಂತು, ತೃಪ್ತಿಯಾದವಳಂತೆ ತಲೆಯಾಡಿಸಿದಳು. ಬದಿಯಲ್ಲಿ ನೂಲು ಸುತ್ತುತ್ತ ಕೂತಿದ್ದ ಅಕ್ಕ ನನ್ನ ಮುಖ ಕಂಡು ನಕ್ಕಳು.

"ಅವರಪ್ಪ ಸೀರಿ ಕೊಡಾಕ ಪ್ಯಾಟಿಗೆ ಹೋದ್ರ ನಾಕೂ ಮಗ್ಗ ಅಕಿನ ನೋಡ್ತಾಳೋ ತಮ್ಮಾ. ಮ್ಯಾಲ ಕುಂತ್ರೂ ಕಿವಿ ಇಲ್ಲೇ ಇರ್ತೈತಿ. ಯಾವ ಮಗ್ಗದಾಗ ಎಳಿ ಹರೀತು, ಯಾವ ಲಾಳ್ಯಾಗ ನೂಲು ತೀರಾಕ ಬಂತು, ಎಲ್ಲಾ ಸಪ್ಪಳದಾಗ ಗೊತ್ತಾಗತೈತಿ ಅಕಿಗೆ. ನಿನ್ನ ಹಾಡಿನ ಗದ್ದಲದಾಗ ಒಂದೀಟು ತ್ರಾಸ ಆಗತೈತಂತ, ಅಷ್ಟ."

ನಿನ್ನ ಹಾಡಿನ ಗದ್ದಲ. ಮೆಟ್ಟಿಲು ಹತ್ತುವಾಗ ಮೊಣಕಾಲಿನ ನೋವು ಹೊಸದಾಗಿ ಅರಿವಿಗೆ ಬಂತು. ಎರಡು ತಿಂಗಳು ನಾನು ರಸಸಮಾಧಿಯೆಂದು ಊರೆಲ್ಲ ಸಾರಿದ್ದು, ನನ್ನ ಸಂಗೀತವನ್ನು ಭೇದಿಸಿಕೊಂಡು ತನ್ನ ಮಗ್ಗಗಳನ್ನು ಕೇಳಿಸಿಕೊಳ್ಳಲು ಒಬ್ಬ ಹುಡುಗಿ ಪಡುತ್ತಿದ್ದ ಪ್ರಯಾಸವಾಗಿತ್ತು. ಆ ಮಾತಿಗೆ ನಾನು ನಗಬೇಕಾಗಿತ್ತು, ನಗು ಬರಲಿಲ್ಲ. ಮತ್ತೆ ಅಕ್ಕಿಯ ಡಬ್ಬಿಯ ಪಕ್ಕವೇ ನನ್ನ ಗತಿ ಎಂದುಕೊಂಡು ಟೇಪನ್ನು ನಿಲ್ಲಿಸಿ, ವೈರು ಸುತ್ತಿ, ಚೀಲಕ್ಕೆ ತುಂಬತೊಡಗಿದೆ.

ಶೈಲಾ ಚಹಾ ಹಿಡಿದು ಬಂದಳು. "ಯಾಕ್ರಿ ಮಾಮಾ, ಇನ್ನ ಅರ್ಧಾ ಉಳದಿತ್ತಲ್ರಿ?"

ವಯಸ್ಸಿಗೆ ತಕ್ಕದ್ದಲ್ಲದ ಬಿಗುಮಾನದಿಂದ, ಮನಸ್ಸಿಲ್ಲದಿದ್ದರೆ ಛಲೋ ಐತಿ ಎಂದು ಸುಳ್ಳೇಕೆ ಹೇಳಬೇಕಿತ್ತೆಂದು ಕೇಳಿದೆ. ಅವಳು ಕಪ್ಪಿನ ಕೆಳಗಿನ ಬಸಿಯ ಅಂಚನ್ನು ಒರೆಸಿದಳು. ದೊಡ್ಡವರಿಗೆ ಮತ್ತೇನು ಹೇಳುವುದು ಎಂಬುದು ಅವಳ ಮೋರೆಯಲ್ಲಿತ್ತು.

"ಹಾಡವ್ರು ನನಗ ಅಷ್ಟೇನು ಸೇರಂಗಿಲ್ರಿ. ಭಾಳ ಜಗ್ಗತಾರ್ರಿ. ಆದ್ರ ಸುಳ್ಳ ಹೇಳಿಲ್ರಿ ಮಾಮಾ." ಇನ್ನೂ ಮೆಲ್ಲಗೆ, "ಇದು ಮದ್ಲನೇ ಸಲ ತಂದಿದ್ರಲ್ಲ, ಅದ ಐತ್ರಿ. ಆವಾಗ ಮುಂಜಾನಿದು ಅಂದಿದ್ರಿ" ಎಂದಳು.

ಚೀಲಕ್ಕೆ ಕೈಹಾಕಿ ಕ್ಯಾಸೆಟ್ಟನ್ನೇ ಹೊರಗೆಳೆದು, ಅದರ ಮೈಮೇಲಿನ ಚೀಟಿ ಓದಿದೆ. ಮುಂಜಾನೆಯದೇ. ಹಬ್ಬಕ್ಕೆ ಮನೆ ಸಾರಿಸುವಾಗ ನನ್ನ ಹೆಂಡತಿ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಸಿಕ್ಕ ಡಬ್ಬಿಯಲ್ಲಿ ತುರುಕಿಟ್ಟಿದ್ದಳು. ನಾನು ಡಬ್ಬಿಯನ್ನು ನಂಬಿ, ಇಬ್ಬನಿಯ ರಾಗದಲ್ಲಿ ದನಗಳನ್ನು ಹೊಡೆದುಕೊಂಡು ಬಂದಿದ್ದೆ. ಹದಿನಾಲ್ಕು ವರ್ಷದ ಹುಡುಗಿ, ನಾಲ್ಕು ಮಗ್ಗಗಳ ಸದ್ದಿನ ನಡುವೆ, ಮನಸ್ಸಿಲ್ಲದ ಮನಸ್ಸಿನಿಂದ ಒಂದೇ ಸಲ ಕೇಳಿದ್ದನ್ನು ಗುರುತು ಹಿಡಿದಿದ್ದಳು. ನಾನು ಆ ಕ್ಯಾಸೆಟ್ಟಿನ ಒಡೆಯನಾಗಿ ಇಪ್ಪತ್ತು ವರ್ಷವಾಗಿತ್ತು. ಕಚೇರಿಯವರು ಯಾರೂ ಅಲ್ಲಿರಲಿಲ್ಲವೆಂಬುದೊಂದೇ ಸಮಾಧಾನ.

ಅವಳಿಗೆ ನನ್ನ ಮುಖಭಂಗದಲ್ಲಿ ಆಸಕ್ತಿಯಿರಲಿಲ್ಲ. "ಒಂದ ಮಾತ ಕೇಳ್ಲ್ಯಾ ಮಾಮಾ? ಹಾಡವ್ರ ಹಿಂದ ಒಬ್ರು ಬರ್ತಾರಲ್ರಿ, ಅವ್ರು ಯಾರ್ರಿ?"

ತಬಲಾದವರೇ ಎಂದು ಕೇಳಿದೆ. ಅಲ್ಲ ಎಂದಳು. ಹಾರ್ಮೋನಿಯಂ? ಅದೂ ಅಲ್ಲ. ಹಾಡುವವರು ಒಂದು ಮಾತು ಆಡಿದ ಮೇಲೆ, ಒಂದಿಷ್ಟೇ ತಡವಾಗಿ, ಅದನ್ನೇ ತಿರುಗಿ ಆಡುವವರು. ಹಾಡುವವರು ಉಸಿರಿಗೆ ನಿಂತಾಗ, ಎಳೆ ಹರಿಯಗೊಡದೆ ಹಿಡಿದುಕೊಳ್ಳುವವರು. ಅವರಿಗಾಗಿಯೇ ತಾನು ಕೆಳಗಿನಿಂದ ಓಡೋಡಿ ಮೇಲೆ ಬರುತ್ತಿದ್ದೆನೆಂದು ಹೇಳಿದಳು.

ಸಾರಂಗಿ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಗಾಯಕರ ಹೆಸರು ದಪ್ಪಕ್ಷರದಲ್ಲಿತ್ತು, ತಬಲಾದವರದು ಸಣ್ಣಕ್ಷರದಲ್ಲಿತ್ತು. ಇದು ಬೇರೆ ಡಬ್ಬಿಯೆಂದು ನೆನಪಾಗಿ ಕೆಳಗಿಟ್ಟೆ. ಮನೆಗೆ ಹೋಗಿ ಸರಿಯಾದ ಡಬ್ಬಿ ನೋಡಿದಾಗಲೂ ಅದರಲ್ಲಿ ಸಾರಂಗಿಯವರ ಹೆಸರೇ ಇರಲಿಲ್ಲ. ಆವತ್ತು ಮಾತ್ರ, ಅದು ಸಾರಂಗಿ, ನುಡಿಸಿದವರು ಯಾರೋ ಗೊತ್ತಿಲ್ಲವ್ವಾ ಎಂದೆ. ಸಂಗೀತದ ವಿಷಯದಲ್ಲಿ ಈ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ವೈರು ಬಿಚ್ಚಿ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದೆ. ಅವಳು ನನ್ನ ಪಕ್ಕ ಗೋಡೆಗೊರಗಿ ಕೂತು ಬೆರಳೆತ್ತಿ, "ಈಗ ನೋಡ್ರಿ" ಎಂದಳು. ನನಗೆ ಏನೂ ಕೇಳಿಸಲಿಲ್ಲ. ಗಾಯಕರು ಕೇಳಿಸಿದರು, ತಬಲಾ ಕೇಳಿಸಿತು, ಮಗ್ಗ ಕೇಳಿಸಿತು. ಇನ್ನೊಮ್ಮೆ ಹಾಕೆಂದು ಬೇಡಿಕೊಂಡೆ, ಆಗಲೂ ಇಲ್ಲ. ಅವಳು ಬೇಸರಿಸದೆ ಮೂರನೆಯ ಸಲ ಹಿಂದಕ್ಕೆ ತಿರುಗಿಸಿದಳು. ಕೆಳಗಿನಿಂದ ಅಕ್ಕ, "ಶೈಲಾ, ಎರಡನೇದು ನೋಡ ಬಾರ!" ಎಂದು ಕೂಗಿದಳು. "ಒಂದ ನಿಮಿಷ ತಡಿಯವ್ವಾ!" ಎಂದು ಇವಳೂ ಕೂಗಿದಳು, ಎದ್ದೇಳಲಿಲ್ಲ. ನನಗೆ ಹಿಗ್ಗು ತಡೆಯದೆ, ಸಾರಂಗಿಯ ಪ್ರಾಚೀನತೆಯ ಕುರಿತು ನಾಲ್ಕು ಮಾತು ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

"ತಡೀರಿ ಮಾಮಾ," ಎಂದಳು ಶೈಲಾ. "ಈಗ ಬರ್ತಾರ."

ಬಾಯಿ ಮುಚ್ಚಿದೆ. ಬಂದರು.